ಸೋಸಿ ಓದುವ ಅಕ್ಕೋರು

ಕೊಣ್ಣೂರಿನ ಸತ್ತೆಪ್ಪನ ಮಗಳ ಮದುವೆಯಲ್ಲಿ ಸಾರು ಮಾಡಿದವನು ನಾನಲ್ಲ, ಬಡಿಸಿದವನೂ ನಾನಲ್ಲ. ಆದರೂ ಆ ಸಾರಿನ ಮಾತು ಬಂದಾಗಲೆಲ್ಲ ಜನ ನನ್ನ ಹೆಸರನ್ನೇ ತೆಗೆಯುತ್ತಾರೆ.

ನಾನು ಮೂಡಲಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಾರಪತ್ರಿಕೆಗೆ ನಗೆಬರಹ ಬರೆಯುತ್ತೇನೆ. ನಾನು ಎಷ್ಟು ಬರೆಯುತ್ತೇನೆ ಎಂಬುದರ ಮೇಲೆ ಗಿರಾಕಿ ಎಷ್ಟು ಎಂಬುದನ್ನು ನೀವೇ ಅಂದಾಜು ಮಾಡಿಕೊಳ್ಳಬಹುದು. ರೀಲು ಬಿಟ್ಟು ಡಿಜಿಟಲ್ ಕ್ಯಾಮರಾ ಹಿಡಿಯುವುದರಲ್ಲಿ ನಮ್ಮ ಪೇಟೆಗೆಲ್ಲ ನಾನೇ ಕೊನೆಯವನು. ಹಿಡಿದದ್ದೂ ಕೊಲ್ಲಾಪುರದಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ಅದರ ಮೆಮೊರಿ ಕಾರ್ಡಿನ ಮುಚ್ಚಳ ಕೂಡುತ್ತಿರಲಿಲ್ಲ. ಕರೆಂಟಿನ ಕರಿ ಟೇಪು ಸುತ್ತಿ ಕೆಲಸ ನಡೆಸಿದ್ದೆ.

2007ರ ಮೇ ತಿಂಗಳ ಕೊನೆಯ ಬಿಸಿಲು. ಟೇಪಿನ ಅಂಟು ಕರಗಿತ್ತು, ನನಗೆ ಗೊತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಸತ್ತೆಪ್ಪ ಬೀಗರಿಗೆ ತುಪ್ಪ ಹಾಕುವ ಚಿತ್ರ ಬೇಕೆಂದು ಸಾರಿನ ಬಕೆಟ್ಟಿನ ಮೇಲೆ ಬಗ್ಗಿದೆ. ಟೇಪು ಬಿಟ್ಟಿತು. ಕಾರ್ಡು ಸದ್ದಿಲ್ಲದೆ ಕೆಳಗಿಳಿಯಿತು. ಬಡಿಸುತ್ತಿದ್ದ ಹಣಮಂತ ಅದನ್ನು ನೋಡದೆ ಸೌಟಿನಿಂದ ಎತ್ತಿ ಬೀಗರ ಎಲೆಗೇ ಹಾಕಿಬಿಟ್ಟ.

ಬೀಗರು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬೆಳಕಿಗೆ ನೋಡಿದರು. "ಏನ್ರಿ ಸತ್ತೆಪ್ಪಣ್ಣಾ, ನಿಮ್ಮ ಕಡೆ ಸಾರಿಗೆ ಇದನ್ನೂ ಹಾಕ್ತೀರೇನು?"

ಸತ್ತೆಪ್ಪ ನನ್ನ ಕಡೆ ನೋಡಿದ ನೋಟ ಇನ್ನೂ ನನ್ನ ಮುಖದ ಮೇಲಿದೆ. "ನಮ್ದಲ್ರಿ ಬೀಗರ. ಅದು ಫೋಟೋದವರ ಒಗ್ಗರಣಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ; ಅಂಥ ಹೊತ್ತಿನಲ್ಲಿ ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಅಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಕಾರ್ಡನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿ, ಉಫ್ ಎಂದು ಊದಿ, ಹಸಿ ಇರುವಾಗಲೇ ಕ್ಯಾಮರಾದೊಳಗೆ ತುರುಕಿದೆ. ಕ್ಯಾಮರಾ ಒಂದು ಸಲ ನರಳಿತು. ಪರದೆ ಕಪ್ಪಾಯಿತು.

ಆ ಕಾರ್ಡಿನಲ್ಲಿ ಮದುವೆ ಪೂರ್ತಿ ಇತ್ತು. ಉಳಿದದ್ದೆಲ್ಲ ಹೋದರೆ ಕಾಲಿಗೆ ಬಿದ್ದು ಬದುಕಬಹುದಿತ್ತು, ಆದರೆ ಅದರಲ್ಲಿ ಮಾಯವ್ವ ಇದ್ದಳು. ಮಾಯವ್ವ ಮದುಮಗಳು ಸುವರ್ಣಾಳ ಅಜ್ಜಿ, ಸತ್ತೆಪ್ಪನ ತಾಯಿ. ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದ ಜೀವ, ಒಂದು ಸಲವೂ ಕ್ಯಾಮರಾದ ಮುಂದೆ ನಿಂತವಳಲ್ಲ. ಯಾರಾದರೂ ಕರೆದರೆ, "ನನ್ನ ಮಾರಿ ನನಗ ಗೊತ್ತೈತಿ, ನಿಮಗ್ಯಾಕ ಬೇಕು?" ಎಂದು ಹಟ್ಟಿಯ ಕಡೆ ನಡೆದುಬಿಡುತ್ತಿದ್ದಳು. ಆ ದಿನ ಸುವರ್ಣಾ ಹಟ ಹಿಡಿದಿದ್ದಳು: ಆಯಿ ನನ್ನ ಜೋಡಿ ನಿಂತು ಫೋಟೋ ತೆಗೆಸಿಕೊಳ್ಳುವ ತನಕ ನಾನು ಅಕ್ಕಿಕಾಳಿಗೆ ನಿಲ್ಲುವುದಿಲ್ಲ. ಮುಹೂರ್ತ ಮೀರುತ್ತಿತ್ತು. ಮಾಯವ್ವ ಬಂದು ನಿಂತು ನನಗೆ ತಾಕೀತು ಮಾಡಿದ್ದಳು: "ಒಮ್ಮೆ ಅಂದ್ರ ಒಮ್ಮೆ. ಮತ್ತ ನಿಲ್ಲು ಅಂದ್ರ ನಿಲ್ಲಾಕಿ ಅಲ್ಲ ನಾ." ಅದೊಂದನ್ನು ನಾನು ಚೆನ್ನಾಗಿಯೇ ತೆಗೆದಿದ್ದೆ. ಆಮೇಲೆ ಸಾರಿಗೆ ಹಾಕಿದೆ.

ನನ್ನ ಸ್ಟುಡಿಯೋದ ಕಂಪ್ಯೂಟರಿಗೆ ಕಾರ್ಡು ಹಚ್ಚಿದರೆ ಕಂಪ್ಯೂಟರ್ ಕಲ್ಲಾಗಿ ನಿಂತಿತು. ಬಾಜೂ ಅಂಗಡಿಯ ಕಂಪ್ಯೂಟರೂ ನಿಂತಿತು. ಬೆಳಗಾವಿಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯೂ ನಿಂತಿತು, ಅವರು ಕಾರ್ಡನ್ನು ಚಿಮಟಿಗೆಯಲ್ಲಿ ಹಿಡಿದು ವಾಪಸು ಕೊಟ್ಟರು. ಅಷ್ಟರಲ್ಲಿ ಗಂಡನ ಮನೆಗೆ ಹೋಗಿ ಮರಳಿ ತವರಿಗೆ ಬಂದಿದ್ದ ಸುವರ್ಣಾ ಸ್ಟುಡಿಯೋಕ್ಕೆ ಬಂದಳು. ಕೈತುಂಬ ಹಸಿರು ಬಳೆ. ಮರುದಿನ ಮುಂಜಾನೆ ಗಂಡನ ಜೋಡಿ ಇಚಲಕರಂಜಿಗೆ ಹೋಗುವವಳು. ಅವನಿಗೆ ಅಲ್ಲಿ ಮಗ್ಗದ ಕೆಲಸ.

"ಕಾಕಾ, ಉಳದ ಫೋಟೋ ಎಲ್ಲಾ ಹೋದ್ರೂ ನಡೀತೈತಿ. ಆಯಿದೊಂದ ಬೇಕು. ಅದನ್ನ ತಗೊಂಡ ನಾ ಬಸ್ ಹತ್ತೂದು."

ಅವಳು ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ. ಆಗ, ಎರಡು ವರ್ಷದಿಂದ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಒಬ್ಬರ ಹತ್ತಿರ ಹೋಗಲೇಬೇಕಾಯಿತು.

ಅವರು ಗೋಕಾಕದ ತ್ರಿಶಲಾ ಚೌಗುಲೆ. ಊರಿಗೆಲ್ಲ ಅಕ್ಕೋರು, ಅಂದರೆ ಟೀಚರು. ನನಗಿಂತ ಚಿಕ್ಕವರು, ಆದರೂ ನಾನೂ ಹಾಗೇ ಕರೆಯುತ್ತೇನೆ, ಏಕೆಂದರೆ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಒಮ್ಮೆ ಹೆಸರು ಹಚ್ಚಿದ್ದೆ; ಕಲಿತೆ ಎಂದು ಹೇಳಲಾರೆ. ತವರು ಹುಕ್ಕೇರಿ ತಾಲೂಕು, ಸಂಕೇಶ್ವರದ ಹತ್ತಿರದ ಹಳ್ಳಿ. ತಂದೆ ಗೊಮ್ಮಟೇಶ ಕಬ್ಬು ಬೆಳೆಯುವವರು. ಮಗಳು ಬೆಳಗಾವಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡುತ್ತೇನೆ ಎಂದಾಗ, "ಅದು ಓದೋದೇನ್ ಐತಿ, ಗುಂಡಿ ಒತ್ತೂದಲ್ಲಾ?" ಎಂದಿದ್ದರಂತೆ. ಆಮೇಲೆ ಗೋಕಾಕದ ಶ್ರೀಪಾಲರ ಜೋಡಿ ಮದುವೆ. ಶ್ರೀಪಾಲರದು ಬೀಜ ಮತ್ತು ಗೊಬ್ಬರದ ಅಂಗಡಿ. ಅದರ ಮಾಳಿಗೆಯ ಮೇಲೆ ಅಕ್ಕೋರ ಕಂಪ್ಯೂಟರ್ ಅಂಗಡಿ. ಟೈಪು, ಪ್ರಿಂಟು, ರಿಪೇರಿ, ಕ್ಲಾಸು. ಕೆಳಗಿನಿಂದ ಕ್ರಿಮಿನಾಶಕ ಎಣ್ಣೆಯ ಘಾಟು ಮೇಲೆ ಬರುತ್ತದೆ, ಮೇಲಿನಿಂದ ಪ್ರಿಂಟರಿನ ಕಿರುಚಾಟ ಕೆಳಗೆ ಇಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಪರಸ್ಪರರ ಅಂಗಡಿಯ ಬಗ್ಗೆ ಗಿರಾಕಿಗಳ ಮುಂದೆ ದೂರುತ್ತಾರೆ.

ನಾನು ತಪ್ಪಿಸಿಕೊಂಡು ತಿರುಗುತ್ತಿದ್ದದ್ದಕ್ಕೆ ಕಾರಣ ಇದೆ. ಅಕ್ಕೋರು ಡ್ರೈವರ್ ಎಂಬ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದರು; ಅದರ ಬಗ್ಗೆ ಹೇಳುತ್ತಿದ್ದರು. ಬರೆಯುವುದಕ್ಕಿಂತ ಹೇಳುವುದೇ ಹೆಚ್ಚು ಎಂದು ನಮ್ಮ ಭಾವನೆ. ಪ್ರಿಂಟಿಗೆ ಬಂದವರಿಗೆ, ಮದುವೆಯಲ್ಲಿ ಪಕ್ಕಕ್ಕೆ ಕುಳಿತವರಿಗೆ, ಬಸ್ ನಿಲ್ದಾಣದಲ್ಲಿ ಹುಕ್ಕೇರಿ ಗಾಡಿಗೆ ಕಾಯುವವರಿಗೆ, ಎಲ್ಲರಿಗೂ. ನಾನು ಗೋಕಾಕ ಪೇಟೆಗೆ ಹೋದರೆ ಆ ಓಣಿಯನ್ನೇ ಬಿಟ್ಟು ಸುತ್ತು ಹಾಕುತ್ತಿದ್ದೆ.

ಅದರ ಹುಟ್ಟು 1998ರದು. ಹುಕ್ಕೇರಿಯ ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಅಕ್ಕೋರು ಟೈಪು ಮಾಡುತ್ತ ಕುಳಿತಿದ್ದರು. ಯಾರೋ ವಿದ್ಯಾರ್ಥಿ ಬಂದು, "ಒಂದ್ ಮಿನಿಟ್ ರಿ ಅಕ್ಕೋರ, ನನ್ನ ಫ್ಲಾಪಿ ನಡೀತೈತೇನ ನೋಡ್ರಿ" ಎಂದು ಅದೇ ಯಂತ್ರಕ್ಕೆ ಕೆಟ್ಟ ಫ್ಲಾಪಿ ತುರುಕಿದ. ಯಂತ್ರ ಸ್ತಬ್ಧ. ಸ್ಮರಣ ಸಂಚಿಕೆ ಹೋಯಿತು. ಹುಡುಗನ ಮೇಲೆ ಅಕ್ಕೋರಿಗೆ ಸಿಟ್ಟು ಬರಲಿಲ್ಲ, ಯಂತ್ರದ ಮೇಲೆ ಬಂತು.

"ಅಲ್ರಿ, ಅವನ ಫ್ಲಾಪಿ ಕೆಟ್ಟಿತ್ತು. ಅವಂದು ಹೋಗ್ಲಿ. ನಂದ್ಯಾಕ ಹೋಗ್ಬೇಕು?"

ಈ ಒಂದು ಪ್ರಶ್ನೆಯನ್ನು ಅವರು ಏಳು ವರ್ಷ ತಲೆಯಲ್ಲಿ ಹೊತ್ತು ತಿರುಗಿದರು. ಬೆಳಗಾವಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಕಂಪ್ಯೂಟರ್ ಮಾಸಿಕದ ಜೊತೆ ಸಿಗುತ್ತಿದ್ದ ಸಿ.ಡಿ.ಗಳಿಂದ ಲಿನಕ್ಸ್ ಹಾಕಿಕೊಂಡರು, ಅದರ ಹೊಟ್ಟೆ ಬಗೆದು ನೋಡಿದರು. ಉತ್ತರ ಸಿಕ್ಕಮೇಲೆ ನಮಗೆ ನೆಮ್ಮದಿ ಇಲ್ಲದಂತಾಯಿತು.

ಅವರು ಹೇಳಿದ್ದನ್ನು ನನ್ನ ತಲೆಗೆ ಹತ್ತಿದಷ್ಟು ಹೇಳುತ್ತೇನೆ. ಫ್ಲಾಪಿಯಾಗಲಿ ಕಾರ್ಡಾಗಲಿ, ಸಾವಿರಾರು ಸಣ್ಣ ಖಾನೆಗಳ ಗೋದಾಮು. ಬಾಗಿಲಲ್ಲಿ ಒಂದು ತಖ್ತೆ ಇರುತ್ತದೆ: ಯಾವ ಫೈಲು ಯಾವ ಖಾನೆಯಲ್ಲಿ, ಎಷ್ಟು ಉದ್ದ. ತಖ್ತೆ ಓದಿ ಮಾಲು ತಂದುಕೊಡುವ ಆಳೇ ಫೈಲ್ ಸಿಸ್ಟಮ್ ಡ್ರೈವರ್. ಹಳೆಯ ಆಳು ಬಹಳ ಚುರುಕು, ಆದರೆ ತಖ್ತೆಯಲ್ಲಿ ಬರೆದದ್ದನ್ನೆಲ್ಲ ನಂಬುತ್ತಾನೆ. ಕೆಟ್ಟ ತಖ್ತೆ "ಈ ಫೈಲಿನ ಹೆಸರು ಇಲ್ಲಿಂದ ಸಂಕೇಶ್ವರದ ತನಕ ಉದ್ದ ಐತಿ" ಎಂದರೂ, ಹೂಂ ಎಂದು ಅಷ್ಟುದ್ದ ಬರೆಯುತ್ತ ಹೋಗುತ್ತಾನೆ. ತನ್ನ ಜಾಗ ಮುಗಿದರೂ ನಿಲ್ಲುವುದಿಲ್ಲ. ಪಕ್ಕದಲ್ಲಿ ನಿಮ್ಮ ಸ್ಮರಣ ಸಂಚಿಕೆ ಇದ್ದರೆ ಅದರ ಮೇಲೆಯೇ ಬರೆಯುತ್ತಾನೆ. ಕಾಲುವೆ ನೀರು ಬದು ಒಡೆದು ಪಕ್ಕದವನ ಶೇಂಗಾದಲ್ಲಿ ನಿಂತ ಹಾಗೆ.

ಅಕ್ಕೋರು ಮಾಡುತ್ತಿದ್ದದ್ದು, ಅದೇ ಆಳಿನ ಕೆಲಸವನ್ನು ಅಡಾ ಎಂಬ ಬೇರೆ ಕಂಪ್ಯೂಟರ್ ಭಾಷೆಯಲ್ಲಿ ಮೊದಲಿನಿಂದ ಬರೆಯುವುದು. ಆ ಭಾಷೆಯಲ್ಲಿ ಪ್ರತಿ ಹೊಲಕ್ಕೂ ಬದು ಇರುತ್ತದಂತೆ. ಮೇರೆ ದಾಟಿ ಕಾಲಿಟ್ಟರೆ ಅಲ್ಲೇ ನಿಂತು ಕೂಗುತ್ತದಂತೆ. "ಒಬ್ಬ ಹೆಣ್ಮಗಳ ಹೆಸರ ಇಟ್ಟಾರ್ರಿ ಆ ಭಾಷಾಕ್ಕ" ಎಂದು ಅಕ್ಕೋರು ಹೇಳುವಾಗ, ಆ ಹೆಣ್ಮಗಳು ಹುಕ್ಕೇರಿ ಕಡೆಯವಳೇ ಇರಬೇಕು ಎನ್ನಿಸುವಷ್ಟು ಹೆಮ್ಮೆ.

ಎದುರಿಗೆ ಚಹದ ಅಂಗಡಿ ಇಟ್ಟಿರುವ ಬಸವಣ್ಣೆಪ್ಪ ಅವರ ಖಾಯಂ ವಿರೋಧ ಪಕ್ಷ. ಚಹ ಕೊಡುವ ನೆಪದಲ್ಲಿ ಮೇಲೆ ಬಂದು ಒಂದು ಮಾತು ಅಂದೇ ಇಳಿಯುವವನು.

"ಅಕ್ಕೋರ, ಇದ್ದ ಮನಿ ಬಾಜೂಕ ಅಂಥಾದ ಇನ್ನೊಂದ ಮನಿ ಕಟ್ಟಾಕತ್ತೀರಿ. ಯಾರ ಇರಾಕ್ರಿ ಅದರಾಗ?"

"ಮನಿ ಅಂಥಾದ ಐತಿ ಬಸವಣ್ಣೆಪ್ಪ. ಈ ಸಲ ಬಾಗಲಕ್ಕ ಚಿಲಕಾ ಇಡಾಕತ್ತೇನಿ."

"ಹಳೇ ಮನ್ಯಾಗ ಜನಾ ಚಿಲಕಾ ಇಲ್ದ ಆರಾಮ ಅದಾರಲ್ರಿ."

"ಕಳ್ಳ ಬರೂ ತನಕ ಎಲ್ಲಾರೂ ಆರಾಮ ಇರ್ತಾರ."

ಪರೀಕ್ಷೆಗೆ ಅವರಿಗೆ ಕೆಟ್ಟ ಫ್ಲಾಪಿಗಳು ಬೇಕಾಗಿದ್ದವು. ಒಳ್ಳೆಯ ಫ್ಲಾಪಿ ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟದ್ದನ್ನು ಯಾರು ಮಾರುತ್ತಾರೆ? ಅಕ್ಕೋರು ಬಾಗಿಲಿಗೆ ಕಾಗದ ಅಂಟಿಸಿದರು: ಕೆಟ್ಟ ಫ್ಲಾಪಿ ಕೊಟ್ಟವರಿಗೆ ಒಂದು ತುಂಡು ಕರದಂಟು. ಗೋಕಾಕದಲ್ಲಿ ಕರದಂಟಿಗೇನು ಬರ ಇಲ್ಲ, ಆದರೂ ಪುಕ್ಕಟೆ ಕರದಂಟಿನ ರುಚಿಯೇ ಬೇರೆ. ಕೆಲವೇ ದಿನಗಳಲ್ಲಿ ಊರಿನ ಒಳ್ಳೆಯ ಫ್ಲಾಪಿಗಳೆಲ್ಲ ಒಂದೊಂದಾಗಿ ಕೆಡತೊಡಗಿದವು. ಜನ ಮೊಳೆಯಿಂದ ಗೀಚಿ ತಂದರು, ಬಿಸಿಲಿಗೆ ಬೇಯಿಸಿ ತಂದರು. ಯಲ್ಲಾರಿ ಎಂಬ ಕುಶಾಲಿನ ಮನುಷ್ಯ ಒಂದನ್ನು ಎಮ್ಮೆಯ ಕಾಲಡಿಗೆ ಹಾಕಿ ತಂದ.

ಶ್ರೀಪಾಲರು ಹೌಹಾರಿದರು. "ಇವೆಲ್ಲಾ ಬೇಕಂತ ಕೆಡಿಸಿದ್ದು. ಜನಾ ನಿನ್ನ ಮಂಗ್ಯಾ ಮಾಡಾಕತ್ತಾರ."

"ಮಾಡ್ಲಿ" ಎಂದರು ಅಕ್ಕೋರು, ಯಲ್ಲಾರಿಗೆ ಎರಡು ತುಂಡು ಕೊಡುತ್ತ. "ತಾನ ಕೆಟ್ಟಿದ್ದೂ ಬೇಕು, ಬೇಕಂತ ಕೆಡಿಸಿದ್ದೂ ಬೇಕು. ನನ್ನ ಡ್ರೈವರ್ ಯಾವುದನ್ನೂ ನಂಬೂ ಹಂಗಿಲ್ಲ."

ಈ ನಂಬದಿರುವ ಗುಣ ಅವರ ಮನೆಯದು. ಜೈನರ ಮನೆಗಳಲ್ಲಿ ನೀರನ್ನು ಸೋಸದೆ ಮುಟ್ಟುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಎರಡು ಪದರಿನ ಅರಿವೆ ಕಟ್ಟಿ ಸೋಸಬೇಕು. ನೀರು ಎಷ್ಟೇ ತಿಳಿಯಾಗಿ ಕಂಡರೂ ಸೋಸಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ: ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತೊಳೆದು, ನೀರು ಎಲ್ಲಿಂದ ಬಂತೋ ಅಲ್ಲಿಗೇ ಮುಟ್ಟಿಸಬೇಕು. ಬಾವಿಯ ನೀರಾದರೆ ಅದೇ ಬಾವಿಗೆ. ಗೋಕಾಕದಲ್ಲಿ ನೀರು ನಳದ್ದು, ನಳಕ್ಕೆ ಬರುವುದು ಘಟಪ್ರಭೆಯಿಂದ. ಅಕ್ಕೋರ ಅತ್ತೆ ಇದರಲ್ಲಿ ಬಲು ಕಟ್ಟುನಿಟ್ಟು. ದಿನಾ ಮುಂಜಾನೆ ಸೋಸಿ, ಉಳಿದದ್ದನ್ನು ಒಂದು ತಂಬಿಗೆಯಲ್ಲಿ ಹಾಕಿ ಮಗನ ಕೈಗೆ ಕೊಡುತ್ತಾರೆ. ಶ್ರೀಪಾಲರು ಸ್ಕೂಟರಿನ ಕೊಕ್ಕೆಗೆ ತಂಬಿಗೆ ತೂಗಿಸಿಕೊಂಡು ಹೊಳೆಗೆ ಹೋಗಿ ಬಿಟ್ಟು ಬರುತ್ತಾರೆ. ಹೊಳೆಯ ದಾರಿಯಲ್ಲಿ ಸ್ಕೂಟರಿನ ಮೇಲೆ ಒಂದು ತಂಬಿಗೆ ಹೋಗುತ್ತಿದ್ದರೆ, ಅದರ ಹಿಂದೆ ಕುಳಿತವರು ಶ್ರೀಪಾಲರು ಎಂದು ನೋಡದೆ ಹೇಳಬಹುದು.

ಹೀಗೆ ಸೋಸುವ ಮನೆಗೆ ನಾನು ಸಾರಿನ ಕಾರ್ಡು ತೆಗೆದುಕೊಂಡು ಹೋದೆ. ಸುವರ್ಣಾ ಜೊತೆಗಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತು. ಮುಂಗಾರು ಬಿತ್ತನೆಯ ಗದ್ದಲ. ಕೆಳಗೆ ಶ್ರೀಪಾಲರ ಅಂಗಡಿಯ ಮುಂದೆ ಎತ್ತಿನ ಬಂಡಿ, ಟ್ರ್ಯಾಕ್ಟರು, ಜನ. ಅವರು ತಲೆ ಎತ್ತದೆ ಬೀಜದ ಚೀಲ ಕೊಡುತ್ತಿದ್ದರು.

ಕಾರ್ಡು ನೋಡಿದ ಕೂಡಲೆ ಅಕ್ಕೋರ ಮುಖ ಅರಳಿತು. ನನಗೆ ಅವಮಾನವಾಗಬೇಕಿತ್ತು, ಆದರೆ ಅವರ ಸಂತೋಷ ಅಷ್ಟು ಪ್ರಾಮಾಣಿಕವಾಗಿತ್ತು.

"ಸಾರಿನ್ಯಾಗ ಬಿದ್ದಿತ್ತಾ? ಬಿಸಿ ಇತ್ತೇನ್ರಿ ಸಾರು?"

"ಕುದಿಯೂದಿತ್ರಿ."

"ಹುಣಸಿಹಣ್ಣ ಹಾಕಿದ್ರೋ ಟೊಮ್ಯಾಟೋ?"

"ಅಕ್ಕೋರ, ಅದು ನಂಗ ಹೆಂಗ ಗೊತ್ತಿರ್ತೈತ್ರಿ..."

"ಹುಣಸಿಹಣ್ಣ" ಎಂದಳು ಸುವರ್ಣಾ ಮೆಲ್ಲಗೆ.

ಅಕ್ಕೋರು ಡಾಕ್ಟರರ ಹಾಗೆ ತಲೆ ಆಡಿಸಿ, ನಿಯಮದ ಪ್ರಕಾರ ನನಗೊಂದು ತುಂಡು ಕರದಂಟು ಕೊಟ್ಟರು. ಸುವರ್ಣಾಳ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತು ಯಾವ ಚಿತ್ರ ಬೇಕು ಎಂದು ಕೇಳಿದರು. ಮಾಯವ್ವನ ಕತೆ ಕೇಳಿದ ಮೇಲೆ ಅವರ ನಗು ನಿಂತಿತು.

"ನೋಡವಾ, ಇಷ್ಟ ದಿನಾ ಇದರ ಮ್ಯಾಲ ಎಮ್ಮಿ ತುಳಿದಿದ್ದು, ಮೊಳಿ ಗೀಚಿದ್ದು ಹಾಕೇನಿ. ಒಂದರಾಗೂ ಯಾರಿಗೂ ಬೇಕಾದ್ದು ಏನೂ ಇರಲಿಲ್ಲ. ಇವತ್ತ ಮೊದಲನೇ ಸಲ ಐತಿ. ಆಗತೈತಿ ಅಂತ ನಾ ಮಾತ ಕೊಡೂದಿಲ್ಲ."

ಎರಡು ವರ್ಷದಲ್ಲಿ ಅಕ್ಕೋರು ತಮ್ಮ ಡ್ರೈವರಿನ ಬಗ್ಗೆ ಅನುಮಾನದಿಂದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮೊದಲು ಕಾರ್ಡಿನಲ್ಲಿದ್ದುದನ್ನು ಇದ್ದ ಹಾಗೆಯೇ ಪೂರ್ತಿ ನಕಲು ಮಾಡಿಕೊಂಡು ಕಾರ್ಡನ್ನು ಬದಿಗಿಟ್ಟರು. ನಕಲನ್ನು ಹಳೆಯ ಡ್ರೈವರಿಗೆ ಕೊಟ್ಟರು. ಯಂತ್ರ ಕಲ್ಲಾಯಿತು. "ನೋಡಿದ್ರಿಲ್ಲ?" ಎಂದು ಬಟನ್ ಒತ್ತಿ ಎಬ್ಬಿಸಿದರು. ಆಮೇಲೆ ತಮ್ಮದಕ್ಕೆ ಕೊಟ್ಟರು.

ಪರದೆಯ ಮೇಲೆ ಸಾಲುಗಳು ಏರತೊಡಗಿದವು. ಈ ಹೆಸರು ಸುಳ್ಳು, ಬಿಟ್ಟೆ. ಈ ಉದ್ದ ಸುಳ್ಳು, ಬಿಟ್ಟೆ. ಈ ಖಾನೆ ಗೋದಾಮಿನಲ್ಲೇ ಇಲ್ಲ, ಬಿಟ್ಟೆ. ಇದು ಸರಿ ಇದೆ, ತಗೋ. ಒಂದು ಚಿತ್ರ ಬಂತು: ಹಂದರದ ಕಂಬ. ಇನ್ನೊಂದು: ಮದುಮಗನ ಕಿವಿ. ಒಂದರಲ್ಲಿ ನನ್ನ ಹೆಬ್ಬೆರಳು. ಸಾರಿನಿಂದ ಎದ್ದು ಬಂದ ನನ್ನ ಕಲೆಯನ್ನು ನೋಡಿ ನನಗೇ ಕಣ್ಣು ತುಂಬಿತು. ಚಹ ಕೊಡಲು ಬಂದಿದ್ದ ಬಸವಣ್ಣೆಪ್ಪ ಗ್ಲಾಸು ಹಿಡಿದುಕೊಂಡೇ ಪರದೆಯ ಕಡೆ ಬಗ್ಗಿದ.

ಅರಿಷಿಣದ ಚಿತ್ರಗಳು ಮುಗಿದು ಅಕ್ಕಿಕಾಳಿನ ಹತ್ತಿರ ಬಂದಿತ್ತು. ಇನ್ನು ಮಾಯವ್ವನೇ ಎನ್ನುವಷ್ಟರಲ್ಲಿ ಸಾಲುಗಳು ನಿಧಾನವಾದವು. ಮತ್ತೂ ನಿಧಾನವಾದವು. ನಿಂತವು.

ಯಂತ್ರ ಕಲ್ಲಾಗಿರಲಿಲ್ಲ. ಪರದೆಯ ಕೊನೆಯಲ್ಲಿ ಒಂದು ಸಾಲು ಬಂತು. ಅಕ್ಕೋರು ಅದನ್ನು ಓದಿ ಹೇಳಿದರು. "ಹಿಡಿಯಾಕ ಕೈ ಖಾಲಿ ಇಲ್ಲ ಅಂತೈತಿ."

ಮತ್ತೆ ಓಡಿಸಿದರು. ಮತ್ತೆ ಅಲ್ಲಿಯೇ ನಿಂತಿತು.

ಬಸವಣ್ಣೆಪ್ಪ ಗ್ಲಾಸು ಕೆಳಗಿಟ್ಟ. "ಹಳೇದು ಲಗೂನ ನಿಂತಿತ್ತು, ಇದು ಸಾವಕಾಶ ನಿಂತಿತು. ಸುಧಾರಣಿ ಐತ್ರಿ ಅಕ್ಕೋರ."

ಸುವರ್ಣಾ ಬಳೆ ತಿರುಗಿಸುತ್ತ ಕಿಟಕಿಯ ಆಚೆ ನೋಡಿದಳು. ಅಕ್ಕೋರು ಕೈ ಮಡಿಲಲ್ಲಿಟ್ಟುಕೊಂಡು ಕುಳಿತರು. ಬಸ್ ನಿಲ್ದಾಣದಲ್ಲಿ ಅಪರಿಚಿತರನ್ನು ಹಿಡಿದು ನಿಲ್ಲಿಸಿ ಹೇಳುತ್ತಿದ್ದ ಹೆಣ್ಣುಮಗಳು ಈಗ ಒಂದು ಮಾತೂ ಇಲ್ಲದೆ ಕುಳಿತದ್ದು ನೋಡಿ ನನಗೆ, ಛೆ, ಆ ಓಣಿ ತಪ್ಪಿಸದೆ ನಾಲ್ಕು ಸಲ ಕೇಳಿಸಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎನ್ನಿಸಿತು.

ಆಗ ಕೆಳಗಿನಿಂದ ಅತ್ತೆಯ ದನಿ ಕೇಳಿತು. ರೈತರ ಗದ್ದಲದ ಮೇಲೂ ಕೇಳುವ ದನಿ ಅದು.

"ಶ್ರೀಪಾಲಾ! ಮನ್ಯಾಗಿನ ತಂಬಿಗಿ ಎಲ್ಲಾ ಎಲ್ಲಿ ಹೋದೂ? ನಾಳೆ ಹಾಕಾಕ ಒಂದರ ಉಳದೈತೇನು ಅಡಗಿ ಮನ್ಯಾಗ?"

ನಾವೆಲ್ಲ ಕಿಟಕಿಗೆ ಬಂದೆವು. ಸ್ಕೂಟರಿನ ಕೊಕ್ಕೆಯಲ್ಲಿ ಒಂದು ತಂಬಿಗೆ. ಕಾಲಿಡುವಲ್ಲಿ ಎರಡು. ಗೊಬ್ಬರದ ಚೀಲಗಳ ಸಂದಿಯಲ್ಲಿ ಇನ್ನೂ ಎರಡು, ಬಾಯಿ ಮುಚ್ಚಿಕೊಂಡು ಸಾಲಾಗಿ.

"ಅವ್ವಾ, ಬಿತ್ತನಿ ಟೈಮ್ ಐತಿ..." ಶ್ರೀಪಾಲರು ರೈತರ ಮುಂದೆ ಸಣ್ಣಗಾದರು. "ಮುಂಜಾನೆ ಹೊಂಟೆ ಅನ್ನೂದ್ರಾಗ ಮಂದಿ ಬರ್ತಾರ. ಇಲ್ಲೇ ಇಟ್ಟ ಕೆಲಸಕ್ಕ ಹತ್ತತೇನಿ, ಮರತ ಹೋಗತೈತಿ."

"ಸುಮ್ನ ಇದ್ದಾಗ ಎಲ್ಲಾ ನೆನಪಿರ್ತೈತಿ ನಿಂಗ. ಗದ್ದಲ ಆತಂದ್ರ ಕೈಯಾಗಿಂದು ಅಲ್ಲೇ ಒಗದು ಓಡ್ತಿ. ದಿನಾ ಒಂದೊಂದ ತಂಬಿಗಿ ಹೋದ್ರ ಮನ್ಯಾಗ ಏನ್ ಉಳೀತೈತಿ? ಮೊದಲ ಹೊಳೀಗೆ ಹೋಗು!"

ಅಕ್ಕೋರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಒಮ್ಮೆ ಗಂಡನನ್ನು ನೋಡಿದರು, ಒಮ್ಮೆ ತಂಬಿಗೆಗಳನ್ನು. ಆಮೇಲೆ ಜೋರಾಗಿ ನಗತೊಡಗಿದರು. ಕೆಳಗೆ ಶ್ರೀಪಾಲರು, ಹೆಂಡತಿಯೂ ನಗುತ್ತಿದ್ದಾಳಲ್ಲ ಎಂದು ಮುಖ ಗಂಟು ಹಾಕಿ ಸ್ಕೂಟರು ಒದ್ದರು.

"ಗದ್ದಲದಾಗ!" ಎಂದರು ಅಕ್ಕೋರು. "ನಂದೂ ಅದ ತಪ್ಪ! ಫೈಲ್ ಚೊಲೋ ಇದ್ರ ಓದಿ ಮುಗಿಸಿ, ಹಿಡಕೊಂಡ ಮೆಮೊರಿ ತಿರುಗಿ ಕೊಡತೈತಿ. ಕೆಟ್ಟದ್ದ ಕಂಡ ಕೂಡಲೆ ಹೊರಗ ಜಿಗೀತೈತಿ, ಕೈಯಾಗಿಂದು ಅಲ್ಲೇ ಬಿಟ್ಟು! ಈ ಕಾರ್ಡಿನ್ಯಾಗ ಹೆಜ್ಜಿಗೊಂದ ಕೆಟ್ಟೈತಿ. ತಂಬಿಗಿ ಎಲ್ಲಾ ಮುಗದಾವ."

ಬದು ಕಾಯುವ ಭಾಷೆ ಬದು ಕಾಯುತ್ತದೆ, ತೆಗೆದುಕೊಂಡದ್ದನ್ನು ತಿರುಗಿ ಕೊಡುವ ಕೆಲಸ ಬರೆದವರದ್ದೇ. ಜೀವಮಾನವಿಡೀ ಸೋಸಿ, ಉಳಿದದ್ದನ್ನು ಹೊಳೆಗೆ ಮುಟ್ಟಿಸುವ ಮನೆಯಲ್ಲಿದ್ದು ಅದನ್ನೇ ಮರೆತಿದ್ದರು. ಅಕ್ಕೋರು ಕುಳಿತು ಬರೆಯತೊಡಗಿದರು. ಎಲ್ಲೆಲ್ಲಿ ಕೆಟ್ಟದ್ದು ಕಂಡು ಜಿಗಿಯುತ್ತದೋ ಅಲ್ಲೆಲ್ಲ, ಕೈಯಲ್ಲಿದ್ದದ್ದನ್ನು ಮರಳಿಸಿಯೇ ಜಿಗಿಯಬೇಕು.

ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬಂದರು. "ಹೊತ್ತ ಮುಳುಗಾಕ ಬಂದೈತಿ. ಊಟಾ ಮಾಡ್ತಿಯೋ ಇಲ್ಲೋ?" ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ, ಈಗ ತಪ್ಪಿದರೆ ಮುಂಜಾನೆಯೇ.

"ನೀವು ಮಾಡ್ರಿ ಅತ್ತಿ. ನಾ ಈಗ ಏಳಾಕ ಆಗೂದಿಲ್ಲ."

ಅತ್ತೆ ಒಬ್ಬೊಬ್ಬರನ್ನೇ ನೋಡಿದರು. ಮದುಮಗಳ ಹಸಿರು ಬಳೆ ನೋಡಿದರು. ಅವಳ ಹತ್ತಿರ ಕುಳಿತು ಏನೋ ಕೇಳಿದರು, ಸುವರ್ಣಾ ಏನೋ ಹೇಳಿದಳು. ಅವರು ಎದ್ದು ಕೆಳಗೆ ಹೋದರು. ಸಿಟ್ಟಾಗಿ ಹೋದರು ಎಂದುಕೊಂಡೆ. ಗಂಗಾಳದಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿಕೊಂಡು ಮರಳಿ ಬಂದರು.

"ಕೈ ಕೆಲಸಾ ಮಾಡ್ಲಿ. ಬಾಯಿ ತೆಗಿ."

ಹಾಗೆ ಸೊಸೆ ಕೀಲಿಮಣೆ ಕುಟ್ಟುತ್ತಿದ್ದಾಗ ಅತ್ತೆ ಪಕ್ಕದಲ್ಲಿ ನಿಂತು ತುತ್ತು ಇಡುತ್ತ ಹೋದರು, ಕಿಟಕಿಯಲ್ಲಿ ಸೂರ್ಯನನ್ನೊಮ್ಮೆ ಗಂಗಾಳವನ್ನೊಮ್ಮೆ ನೋಡುತ್ತ. "ಲಗೂ ಅಗಿ. ಅವನೇನ್ ನಿನ್ನ ಸಲುವಾಗಿ ನಿಂದ್ರೂದಿಲ್ಲ." ನಾನು ಜೀವಮಾನದಲ್ಲಿ ಬಹಳ ಮದುವೆಗಳಲ್ಲಿ ತುತ್ತು ತಿನ್ನಿಸುವ ಚಿತ್ರ ತೆಗೆದಿದ್ದೇನೆ. ಅಂದು ನನ್ನ ಕೈಯಲ್ಲಿ ನಡೆಯುವ ಕ್ಯಾಮರಾ ಇರಲಿಲ್ಲ.

ಕೊನೆಯ ತುತ್ತು ನುಂಗಿ ನೀರು ಕುಡಿಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಯಿತು. ಅಕ್ಕೋರು ಬಾಯಿ ಒರೆಸಿ, ಡ್ರೈವರನ್ನು ಮತ್ತೆ ಓಡಿಸಿದರು.

ಈ ಸಲ ಸಾಲುಗಳು ನಿಲ್ಲಲಿಲ್ಲ. ಸುಳ್ಳು, ಬಿಟ್ಟೆ, ತಿರುಗಿ ಕೊಟ್ಟೆ. ಸುಳ್ಳು, ಬಿಟ್ಟೆ, ತಿರುಗಿ ಕೊಟ್ಟೆ. ಸರಿ ಇದೆ. ಪರದೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಚಿತ್ರ ಮೂಡಿತು. ಹಂದರದ ತೋರಣ. ಬಾಸಿಂಗ ಕಟ್ಟಿದ ಸುವರ್ಣಾಳ ಹಣೆ. ಅದರ ಪಕ್ಕದಲ್ಲಿ, ಕುರಿ ಕದಿಯಲು ಬಂದವನನ್ನು ನೋಡುವ ಹಾಗೆ ನನ್ನನ್ನೇ ದಿಟ್ಟಿಸುತ್ತಿರುವ ಮಾಯವ್ವ.

ಮೊಣಕಾಲಿನ ತನಕ ಬಂದು ಚಿತ್ರ ಬೂದಿ ಬಣ್ಣವಾಯಿತು. ಅಲ್ಲಿಂದ ಕೆಳಗಿನದನ್ನು ಸಾರು ತಿಂದಿತ್ತು.

"ಅಷ್ಟ ಇರೂದು" ಎಂದರು ಅಕ್ಕೋರು. "ಇಲ್ಲದ್ದನ್ನ ಐತಿ ಅಂತ ತೋರ್ಸೂದಿಲ್ಲ ಇದು."

ಸುವರ್ಣಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಇರಬೇಕು. "ನಮ್ಮ ಆಯಿ ಹಿಂಗ ನೋಡೂದ್ರಿ ಅಕ್ಕೋರ. ಖರೆನ ಹಿಂಗ ನೋಡತಾಳ." ಬಸವಣ್ಣೆಪ್ಪ ಒಂದು ಮಾತೂ ಅನ್ನದೆ ಕೆಳಗಿಳಿದು ಎಲ್ಲರಿಗೂ ಹೊಸದಾಗಿ ಚಹ ಕಳಿಸಿದ. ಚೌಗುಲೆಯವರ ಮನೆಯವರು ಕತ್ತಲಾದ ಮೇಲೆ ಕುಡಿಯುವುದಿಲ್ಲ ಎಂಬುದನ್ನು ಇಷ್ಟು ವರ್ಷದಿಂದ ಎದುರಿಗಿದ್ದವನು ಆ ಖುಷಿಯಲ್ಲಿ ಮರೆತಿದ್ದ. ಅವರ ಪಾಲಿನದನ್ನೂ ನಾನೇ ಕುಡಿದೆ.

ಮರುದಿನ ಮುಂಜಾನೆ ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ಕೊಣ್ಣೂರಿಗೆ ಹೋದೆ. ಬಸ್ ಹತ್ತಿಸಲು ಮಾಯವ್ವನೂ ಬಂದಿದ್ದಳು. ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಕಾಲ ಎಲ್ಲಿ?"

"ಸಾರಿನ್ಯಾಗ ಹೋದೂ ಆಯಿ" ಎಂದೆ ತಲೆ ತಗ್ಗಿಸಿ.

"ಹೋಗ್ಲಿ ತಗೋ. ಕಾಲ ನನ್ನ ಕಡೇನ ಅದಾವ." ಚಿತ್ರವನ್ನು ಮೊಮ್ಮಗಳ ಮಡಿಲಿಗೆ ಹಾಕಿ, ಇದ್ದ ಆ ಕಾಲುಗಳಿಂದಲೇ ಬಸ್ಸಿನ ಧೂಳು ಅಡಗುವ ತನಕ ಅಲ್ಲೇ ನಿಂತಿದ್ದಳು.

ಇದಾಗಿ ಎರಡು ವರ್ಷ. ಈಗ ಸಂಕೇಶ್ವರ, ಹುಕ್ಕೇರಿ, ಮೂಡಲಗಿಯ ಫೋಟೋದವರೆಲ್ಲ ಕೆಟ್ಟ ಕಾರ್ಡು ಹಿಡಿದು ಗೋಕಾಕಕ್ಕೆ ಹೋಗುತ್ತಾರೆ. ಬಹಳಷ್ಟು ಸಲ ನಗುತ್ತ ಬರುತ್ತಾರೆ, ಕೆಲವೊಮ್ಮೆ ಬರೀ ಕರದಂಟು ತಿಂದು ಬರುತ್ತಾರೆ. ಬಸವಣ್ಣೆಪ್ಪ ತನ್ನ ಗಿರಾಕಿಗಳಿಗೆ, "ಹಳೇದಕ್ಕ ಚಿಲಕಾ ಇರಲಿಲ್ರಿ" ಎಂದು ತಾನೇ ಬರೆದವನ ಹಾಗೆ ವಿವರಿಸುತ್ತಾನೆ. ಶ್ರೀಪಾಲರು ಗದ್ದಲ ಇದ್ದರೂ ಇಲ್ಲದಿದ್ದರೂ ಮೊದಲು ಹೊಳೆಗೆ ಹೋಗುತ್ತಾರೆ. ಆ ಡ್ರೈವರಿನಲ್ಲಿ ತಮ್ಮ ಪಾಲೂ ಇದೆ ಎಂದು ಅವರ ವಾದ, ಅದನ್ನು ಅಕ್ಕೋರು ಅಲ್ಲಗಳೆಯುವುದಿಲ್ಲ. ನಾನು ಹೋದ ಮದುವೆಯಲ್ಲೆಲ್ಲ, ಪಕ್ಕಕ್ಕೆ ಕುಳಿತವರಿಗೆ ಫೈಲ್ ಸಿಸ್ಟಮ್ ಡ್ರೈವರ್ ಎಂದರೇನು, ಬದು ಎಂದರೇನು, ತಂಬಿಗೆ ಎಂದರೇನು ಎಂದು ಹೇಳುತ್ತೇನೆ. ಇತ್ತೀಚೆಗೆ ಜನ ನನ್ನನ್ನು ಕಂಡರೆ ಓಣಿ ಬದಲಿಸುತ್ತಿದ್ದಾರೆ. ನಮ್ಮ ಗೋಕಾಕದ ಮಾಳಿಗೆಯ ಮೇಲೆ ಒಬ್ಬರು ಕುಳಿತು ಇಂಥದ್ದನ್ನು ಮಾಡಿದ್ದಾರೆ ಎಂದರೆ ಸುಮ್ಮನಿರುವುದು ಹೇಗೆ?

ಇದನ್ನು ಬರೆಯುವ ಮೊದಲು ಒಂದು ಮಾತು ಕೇಳಿ ಖಾತ್ರಿ ಮಾಡಿಕೊಳ್ಳೋಣವೆಂದು ಮೊನ್ನೆ ಅಂಗಡಿಗೆ ಹೋದೆ. ಅಕ್ಕೋರು ಯಾರದೋ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಅಕ್ಕೋರ, ಎಮ್ಮಿ ಕಾಲಾಗ ತಡಕೊಂಡೈತಿ, ಮೊಳಿಗೆ ತಡಕೊಂಡೈತಿ, ಕುದಿಯೋ ಸಾರಿಗೂ ತಡಕೊಂಡೈತಿ. ಇನ್ನ ನಿಮ್ಮ ಡ್ರೈವರ್ ಯಾವುದಕ್ಕೂ ಅಂಜೂದಿಲ್ಲ ಅಂತ ಬರೀಲೇನ್ರಿ?"

ಅಕ್ಕೋರು ಕಾರ್ಡಿನಿಂದ ಕಣ್ಣು ತೆಗೆಯಲಿಲ್ಲ.

"ಬದನಿಕಾಯಿ ಪಲ್ಯಾದಾಗ ಇನ್ನೂ ಹಾಕಿ ನೋಡಿಲ್ರಿ."